ಕಾಣದ ಗುರುತು, ಕಾಣುವ ಅಕ್ಷರ

ಕಳೆದ ವರ್ಷ ನನ್ನ ವಿದ್ಯಾರ್ಥಿಗಳ ತಾಯಂದಿರಿಗೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸೂಚನೆ ಬರೆದಿದ್ದೆ. ವಿದ್ಯಾರ್ಥಿವೇತನದ ಅರ್ಜಿಗೆ ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಹಿಂದಿನ ವರ್ಷದ ಅಂಕಪಟ್ಟಿ ಬೇಕು. ಜೆರಾಕ್ಸ್ ಜೊತೆ ಮೂಲಪ್ರತಿಯನ್ನೂ ತರಬೇಕು. ಇಂಥ ದಿನ ಕೊನೆ. ಎಲ್ಲವನ್ನೂ ಒಂದೇ ಉಸಿರಿನಲ್ಲಿ, ಹದಿನಾಲ್ಕು ಸಾಲುಗಳ ಒಂದೇ ಗುಡ್ಡೆಯಾಗಿ ಬರೆದು ಕಳುಹಿಸಿದ್ದೆ. ಕೊನೆಯ ದಿನ ಕಳೆದ ಮರುದಿನ ಒಬ್ಬ ತಾಯಿ ಬಿಸಿಲಲ್ಲಿ ನಡೆದು ಬಂದರು. ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲದಲ್ಲಿ ಎಲ್ಲ ಕಾಗದಗಳೂ ಇದ್ದವು. “ತಾರೀಖು ಎಲ್ಲಿ ಬರ್ದೀರಿ ಆಪಾ?” ಎಂದು ಕೇಳಿದರು. ಮೊಬೈಲ್ ತೆಗೆದು ನೋಡಿದೆ. ಒಂಬತ್ತನೆಯ ಸಾಲಿನ ನಡುವೆ ಇತ್ತು. ಅದನ್ನು ಹುಡುಕಲು ನನಗೇ ಸ್ವಲ್ಪ ಹೊತ್ತು ಹಿಡಿಯಿತು.

ಆ ಮಗುವಿಗೆ ಆ ವರ್ಷದ ಹಣ ಸಿಗಲಿಲ್ಲ. “ಸರಿಯಾಗಿ ಓದಬೇಕಿತ್ತು” ಎಂದು ಹೇಳಿ ನಾನು ಪಾರಾಗಬಹುದಿತ್ತು. ಆದರೆ ತಪ್ಪು ಓದಿದವರದಲ್ಲ, ಬರೆದವಳದು. ಅಂದಿನಿಂದ ರಾಯಚೂರಿನಲ್ಲಾಗಲಿ, ಮಾನ್ವಿ, ದೇವದುರ್ಗಕ್ಕೆ ಹೋದಾಗಲಾಗಲಿ, ನಾಲ್ಕು ಮಂದಿ ಸಹೋದರಿಯರು ಸೇರಿದಲ್ಲಿ ಅರ್ಧ ಗಂಟೆ ಈ ಒಂದು ಪಾಠಕ್ಕೆ ಮೀಸಲಿಡುತ್ತೇನೆ: ಅಕ್ಷರವನ್ನು ದಪ್ಪ ಮಾಡುವುದು, ಸಾಲನ್ನು ಬೇರ್ಪಡಿಸುವುದು, ಪಟ್ಟಿ ಮಾಡುವುದು.

ಬಾಯಿಂದ ಓದದ ಗುರುತು

ಇದಕ್ಕೆ ಫಾರ್ಮ್ಯಾಟಿಂಗ್ ಕೋಡ್ ಎಂಬ ದೊಡ್ಡ ಹೆಸರಿದೆ. ಹೆಸರು ಕೇಳಿಯೇ ಅನೇಕರು “ನಮಗೆಲ್ಲಿ ಬರ್ತದ್ರಿ” ಎಂದು ಹಿಂದೆ ಸರಿಯುತ್ತಾರೆ. ಆಗ ನಾನು ಅವರಿಗೆ ಚಿಕ್ಕಂದಿನಿಂದ ಗೊತ್ತಿರುವ ಒಂದು ಸಂಗತಿಯನ್ನು ನೆನಪಿಸುತ್ತೇನೆ. ಕುರ್‌ಆನ್ ಪ್ರತಿಯಲ್ಲಿ ಸಾಲಿನ ಮೇಲೆ ಸಣ್ಣ ಮೀಮ್ ಇದ್ದರೆ ನಿಲ್ಲಬೇಕು, ಲಾ ಇದ್ದರೆ ನಿಲ್ಲಬಾರದು, ಜೀಮ್ ಇದ್ದರೆ ನಿಲ್ಲಲೂಬಹುದು, ಮುಂದುವರಿಯಲೂಬಹುದು. ಆ ಗುರುತುಗಳನ್ನು ನಾವು ಬಾಯಿಂದ ಓದುವುದಿಲ್ಲ. ಹೇಗೆ ಓದಬೇಕೆಂದು ಅವು ತಿಳಿಸುತ್ತವೆ. ಮೊಬೈಲಿನ ಗುರುತುಗಳೂ ಹಾಗೆಯೇ. ಅವು ಮಾತಿನ ಭಾಗವಲ್ಲ. ಮಾತನ್ನು ಹೇಗೆ ತೋರಿಸಬೇಕೆಂದು ಯಂತ್ರಕ್ಕೆ ಕೊಡುವ ಸನ್ನೆ.

ಮಾನ್ವಿಯ ಹೊಲಿಗೆ ಮನೆಯಲ್ಲಿ

ಮಾನ್ವಿಯಲ್ಲಿ ಮನೆಯಲ್ಲೇ ಹೊಲಿಗೆ ಮಾಡುವ ಕೆಲವು ಸಹೋದರಿಯರಿದ್ದಾರೆ. ಗಿರಾಕಿಗಳಿಗೆ ದರಪಟ್ಟಿ ಕಳುಹಿಸುವುದು ಅವರ ನಿತ್ಯದ ಕೆಲಸ. ಅಲ್ಲಿ ಮೊದಲು ಕಲಿಸಿದ್ದು ನಕ್ಷತ್ರದ ಗುರುತು. ಪದದ ಎರಡೂ ಬದಿಗೆ ನಕ್ಷತ್ರ ಹಾಕಿದರೆ ಅಕ್ಷರ ದಪ್ಪವಾಗುತ್ತದೆ:

*ಶುಕ್ರವಾರದೊಳಗೆ ಬಟ್ಟೆ ಕೊಡಿ*

ಕಳುಹಿಸಿದ ಮೇಲೆ ನಕ್ಷತ್ರಗಳು ಕಾಣುವುದಿಲ್ಲ, ದಪ್ಪ ಅಕ್ಷರ ಮಾತ್ರ ಕಾಣುತ್ತದೆ. ಅಲೆಯಂಥ ಗೆರೆಯನ್ನು ಎರಡೂ ಬದಿಗೆ ಹಾಕಿದರೆ ನಡುವಿನ ಅಕ್ಷರದ ಮೇಲೆ ಗೀಟು ಬೀಳುತ್ತದೆ. ~300~ ಎಂದು ಬರೆದು ಪಕ್ಕದಲ್ಲಿ 250 ಎಂದರೆ ದರ ಇಳಿದಿದೆ ಎಂದು ಯಾರಿಗೂ ತಿಳಿಯುತ್ತದೆ. ಈ ಎರಡೂ ಗುರುತುಗಳು ವಾಟ್ಸ್‌ಆ್ಯಪ್‌ಗೆ 2016ರಲ್ಲಿ ಬಂದವು. 2024ರಲ್ಲಿ ಪಟ್ಟಿಯ ಗುರುತು ಬಂತು. ಸಾಲಿನ ಆರಂಭದಲ್ಲಿ ಒಂದು ಅಡ್ಡಗೆರೆ, ಬಳಿಕ ಸ್ವಲ್ಪ ಜಾಗ ಬಿಟ್ಟು ಬರೆದರೆ ಮುಂದೆ ಚುಕ್ಕೆ ಬರುತ್ತದೆ. ಅಂಕಿ, ಬಿಂದು, ಜಾಗ ಎಂದು ಹಾಕಿದರೆ ಕ್ರಮಸಂಖ್ಯೆಯ ಪಟ್ಟಿಯಾಗುತ್ತದೆ.

ಹೊಸಬರು ಮಾಡುವ ತಪ್ಪುಗಳು ಮೂರೇ. ಒಂದು, ಆರಂಭದ ನಕ್ಷತ್ರ ಹಾಕಿ ಕೊನೆಯದನ್ನು ಮರೆಯುವುದು. ಎರಡು, ನಕ್ಷತ್ರಕ್ಕೂ ಅಕ್ಷರಕ್ಕೂ ನಡುವೆ ಜಾಗ ಬಿಡುವುದು. ಮೂರು, ಒಂದು ಸಾಲಿನಲ್ಲಿ ತೆರೆದು ಮುಂದಿನ ಸಾಲಿನಲ್ಲಿ ಮುಚ್ಚುವುದು. ಇವುಗಳಲ್ಲಿ ಯಾವುದಾದರೂ ಆದರೆ ಅಕ್ಷರ ದಪ್ಪವಾಗದೆ ನಕ್ಷತ್ರ ಹಾಗೆಯೇ ಉಳಿಯುತ್ತದೆ. “ಕಸೂತಿಯಲ್ಲಿ ದಾರ ಮೇಲೆ ಬಂದ ಮೇಲೆ ಕೆಳಗೆ ಹೋಗಿ ಗಂಟು ಹಾಕಲೇಬೇಕಲ್ಲ ಆಪಾ, ಹಂಗೇ ಅದ” ಎಂದರು ಒಬ್ಬರು. ನನ್ನ ವಿವರಣೆಗಿಂತ ಅದೇ ಚೆನ್ನಾಗಿತ್ತು. ಈಗ ನಾನೂ ಹಾಗೆಯೇ ಹೇಳುತ್ತೇನೆ.

ದೇವದುರ್ಗದಲ್ಲಿ ಎರಡು ಲಿಪಿ

ದೇವದುರ್ಗದಲ್ಲಿ ಎದುರಾದ ತೊಡಕು ಬೇರೆ. ನಮ್ಮ ಕಡೆ ಅನೇಕ ಮನೆಗಳಲ್ಲಿ ಅಮ್ಮೀಗೆ ಉರ್ದು ಓದಲು ಬರುತ್ತದೆ, ಮಕ್ಕಳಿಗೆ ಕನ್ನಡ. ಹಾಗಾಗಿ ಒಂದೇ ಸಾಲಿನಲ್ಲಿ ಎರಡನ್ನೂ ಬೆರೆಸಿ ಬರೆಯುತ್ತಾರೆ. ಕನ್ನಡ ಎಡದಿಂದ ಬಲಕ್ಕೆ, ಉರ್ದು ಬಲದಿಂದ ಎಡಕ್ಕೆ. ಎರಡೂ ಒಂದೇ ಸಾಲಿನಲ್ಲಿ ಕೂಡಿದಾಗ ನಡುವಿನ ಅಂಕಿ, ಆವರಣ ಚಿಹ್ನೆಗಳು ನಾವು ಇಟ್ಟ ಜಾಗ ಬಿಟ್ಟು ಆಚೀಚೆ ಕಾಣುತ್ತವೆ. ಸಮಯ ಯಾವುದು, ತಾರೀಖು ಯಾವುದು ಎಂದು ಗೊಂದಲವಾಗುತ್ತದೆ. ಇದಕ್ಕೆ ಸುಲಭದ ಉಪಾಯ, ಉರ್ದುವಿಗೆ ಒಂದು ಸಾಲು, ಕನ್ನಡಕ್ಕೆ ಇನ್ನೊಂದು ಸಾಲು, ದಿನಾಂಕಕ್ಕೆ ಅದರದೇ ಸಾಲು.

ಇನ್ನೊಂದು ಮಾತು. ಇಂಗ್ಲಿಷಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿದೆ. ಕನ್ನಡದಲ್ಲಿಲ್ಲ, ಉರ್ದುವಿನಲ್ಲೂ ಇಲ್ಲ. ಅಕ್ಷರವನ್ನು ಓರೆ ಮಾಡುವ ಗುರುತೊಂದಿದೆ. ಆದರೆ ಓರೆಯಾದ ಕನ್ನಡ, ಅದರಲ್ಲೂ ಒತ್ತಕ್ಷರ, ವಯಸ್ಸಾದವರ ಕಣ್ಣಿಗೆ ಕಷ್ಟ. ಆದ್ದರಿಂದ ನಮಗೆ ದಪ್ಪ ಅಕ್ಷರವೊಂದೇ ಸಾಕು. ಅದನ್ನೂ ಉಪ್ಪಿನಂತೆ ಬಳಸಬೇಕು. ಇಡೀ ಸೂಚನೆಯನ್ನೇ ದಪ್ಪ ಮಾಡಿದರೆ ಏನನ್ನೂ ದಪ್ಪ ಮಾಡದ ಹಾಗೆಯೇ.

ಒಂದು ಮೆಟ್ಟಿಲು ಮೇಲೆ

ರಾಯಚೂರಿನಲ್ಲಿ ನನ್ನ ಬಳಿ ಬರುವ ಡಿಗ್ರಿ ಹುಡುಗಿಯರಿಗೆ ಇದರ ಮುಂದಿನ ಪಾಠವನ್ನೂ ಹೇಳಿಕೊಡುತ್ತೇನೆ. ಕನ್ನಡ ವಿಕಿಪೀಡಿಯ ಆರಂಭವಾದದ್ದು 2003ರಲ್ಲಿ. ಅಲ್ಲಿ ಯಾರು ಬೇಕಾದರೂ ಲೇಖನ ಬರೆಯಬಹುದು, ತಿದ್ದಬಹುದು. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳಿಂದ ಪಠ್ಯದ ಭಾಗವಾಗಿಯೇ ಇಂಥ ಲೇಖನಗಳನ್ನು ಬರೆಯಿಸಿದ್ದಾರೆ. ಅಲ್ಲಿಯ ಗುರುತುಗಳು ಬೇರೆ. ದಪ್ಪ ಅಕ್ಷರಕ್ಕೆ ಎರಡೂ ಬದಿಗೆ ಮೂರು ಮೂರು ಒಂಟಿ ಉದ್ಧರಣ ಚಿಹ್ನೆ; ಉಪಶೀರ್ಷಿಕೆಗೆ ಎರಡೂ ಬದಿಗೆ ಎರಡೆರಡು ಸಮಚಿಹ್ನೆ; ಇನ್ನೊಂದು ಲೇಖನಕ್ಕೆ ಕೊಂಡಿ ಬೇಕಾದರೆ [[ಮಾನ್ವಿ]] ಎಂಬಂತೆ ಜೋಡಿ ಚೌಕ ಆವರಣ. ನಕ್ಷತ್ರವೂ ಇದೆ, ಆದರೆ ಅಲ್ಲಿ ಸಾಲಿನ ಆರಂಭದಲ್ಲಿ ನಕ್ಷತ್ರ ಹಾಕಿದರೆ ಪಟ್ಟಿಯ ಚುಕ್ಕೆಯಾಗುತ್ತದೆ. ಗುರುತು ಒಂದೇ, ಊರು ಬದಲಾದಂತೆ ಅರ್ಥ ಬೇರೆ. ಹುಡುಗಿಯರು ಇಲ್ಲಿ ಎಡವುತ್ತಾರೆ. ತೆರೆದದ್ದನ್ನು ಮುಚ್ಚಬೇಕು ಎಂಬ ನಿಯಮ ಮಾತ್ರ ಬದಲಾಗುವುದಿಲ್ಲ.

1990ರ ದಶಕದ ಆರಂಭದಲ್ಲಿ ಟಿಮ್ ಬರ್ನರ್ಸ್‌ಲೀ ಅಂತರ್ಜಾಲಕ್ಕಾಗಿ ರೂಪಿಸಿದ ಎಚ್‌ಟಿಎಂಎಲ್‌ನಲ್ಲೂ ಹೆಚ್ಚಿನ ಗುರುತುಗಳಿಗೆ ತೆರೆಯುವುದೊಂದು, ಮುಚ್ಚುವುದೊಂದು ಇರುತ್ತದೆ. ಹೊಲಿಗೆ ಮನೆಯಲ್ಲಿ ನಕ್ಷತ್ರ ಕಲಿತವರು ಆ ದಾರಿಯ ಮೊದಲ ಹೆಜ್ಜೆ ಇಟ್ಟಾಗಿದೆ.

ಕಲಿಸುವ ಸಹೋದರಿಯರಿಗೆ

ಮನೆಯಲ್ಲಿ ನಿಮ್ಮ ಮಗಳಿಗೆ ಇದು ಗೊತ್ತಿರಬಹುದು. ಆದರೆ ಆಕೆ ಅಮ್ಮೀಯ ಕೈಯಿಂದ ಫೋನ್ ಕಿತ್ತುಕೊಂಡು ತಾನೇ ಮಾಡಿಕೊಟ್ಟರೆ ಅಮ್ಮೀ ಕಲಿಯುವುದಿಲ್ಲ. ಫೋನ್ ಕಲಿಯುವವರ ಕೈಯಲ್ಲೇ ಇರಲಿ. ಒಂದು ದಿನಕ್ಕೆ ಒಂದೇ ಗುರುತು ಸಾಕು. ಉದಾಹರಣೆ ಅವರದೇ ಇರಲಿ, ದರಪಟ್ಟಿಯೋ, ಮದುವೆಯ ಸಾಮಾನಿನ ಪಟ್ಟಿಯೋ. ವಾಟ್ಸ್‌ಆ್ಯಪ್‌ನಲ್ಲಿ ತಮಗೆ ತಾವೇ ಸಂದೇಶ ಕಳುಹಿಸಿಕೊಳ್ಳಬಹುದು. ಅಭ್ಯಾಸಕ್ಕೆ ಅದೇ ಸ್ಲೇಟು. ಬೇರೆಯವರಿಗೆ ಕಳುಹಿಸಿದ್ದು ತಪ್ಪಾದರೆ 15 ನಿಮಿಷದೊಳಗೆ ತಿದ್ದುವ ಅವಕಾಶವೂ ಇದೆ. ನಗಬೇಡಿ. ನಕ್ಕರೆ ಆ ಕೈ ಮತ್ತೆ ಫೋನ್ ಹಿಡಿಯಲು ಹಿಂಜರಿಯುತ್ತದೆ.

ಈ ವರ್ಷವೂ ವಿದ್ಯಾರ್ಥಿವೇತನದ ಸೂಚನೆ ಕಳುಹಿಸಿದೆ. ಮೊದಲ ಸಾಲಿನಲ್ಲೇ ಕೊನೆಯ ದಿನಾಂಕ, ಎರಡು ನಕ್ಷತ್ರಗಳ ನಡುವೆ. ಕೆಳಗೆ ಒಂದೊಂದು ಕಾಗದಕ್ಕೆ ಒಂದೊಂದು ಸಾಲು. ಕಳೆದ ಸಲ ಮರುದಿನ ಬಂದಿದ್ದ ತಾಯಿ ಈ ಸಲ ನಾಲ್ಕು ದಿನ ಮೊದಲೇ ಬಂದರು. ಹೋಗುವಾಗ ತಮ್ಮ ಓಣಿಯವರಿಗೆ ತಾವೇ ಬರೆದು ಕಳುಹಿಸಿದ ಸಂದೇಶ ತೋರಿಸಿದರು. ದಿನಾಂಕ ದಪ್ಪಗಿತ್ತು. ಕೊನೆಯಲ್ಲಿ ಒಂದು ನಕ್ಷತ್ರ ಹೆಚ್ಚಾಗಿತ್ತು. ನಾನು ಏನೂ ಹೇಳಲಿಲ್ಲ. ತಾರೀಖು ಎಲ್ಲರಿಗೂ ಕಾಣುತ್ತಿತ್ತು.