ಬೀಡಿ ಸೇದುವುದರಿಂದ ಉಪಯೋಗವುಂಟೆ?

ಕೆಂಗೇರಿ, ಕುಂಬಳಗೋಡು, ತಾವರೆಕೆರೆ ಕಡೆಯ ಯಾವ ಅರಳಿಕಟ್ಟೆಯಲ್ಲಿ ಕುಳಿತರೂ ಈ ಮಾತುಗಳನ್ನು ನೀವು ಕೇಳಬಹುದು. ಬೆಳಿಗ್ಗೆ ಒಂದು ಬೀಡಿ ಸೇದದಿದ್ದರೆ ಹೊಟ್ಟೆ ಸಡಿಲವಾಗುವುದಿಲ್ಲ. ರಾತ್ರಿ ನೀರು ಕಟ್ಟಲು ಹೋದಾಗ ಚಳಿ ತಡೆಯುತ್ತದೆ. ಎದೆಯಲ್ಲಿ ಕಟ್ಟಿದ ಕಫ ಕಿತ್ತು ಬರುತ್ತದೆ. ಹಲ್ಲುನೋವು ನಿಲ್ಲುತ್ತದೆ. ರಾಜಾಜಿನಗರ, ವಿಜಯನಗರಗಳಿಗೆ ಓದಲು ಹೋಗುವ ಹುಡುಗರನ್ನು ಕೇಳಿದರೆ ಇದೇ ಮಾತು ಬೇರೆ ವೇಷದಲ್ಲಿ ಬರುತ್ತದೆ: ಸಿಗರೇಟು ಮನಸ್ಸಿನ ಭಾರ ಇಳಿಸುತ್ತದೆ, ಹುಕ್ಕದ ಹೊಗೆ ನೀರಿನಲ್ಲಿ ತೊಳೆದು ಬರುವುದರಿಂದ ಅದರಿಂದ ಅಪಾಯವಿಲ್ಲ.

ಇವನ್ನೆಲ್ಲ ಮೂಢನಂಬಿಕೆ ಎಂದು ತಳ್ಳಿಹಾಕಿದರೆ ಸೇದುವವರು ಒಪ್ಪುವುದಿಲ್ಲ. ಒಪ್ಪದಿರುವುದು ಸರಿಯೇ. ಇವುಗಳಲ್ಲಿ ಕೆಲವು ಅನುಭವದ ಮಟ್ಟಿಗೆ ನಿಜ. ಆದುದರಿಂದ ಒಂದೊಂದನ್ನೂ ಬಿಡಿಸಿ ನೋಡುವುದು ಒಳ್ಳೆಯದು.

ಬಿಜಾಪುರದಿಂದ ಹೊರಟ ವಾದ

ಈ ಚರ್ಚೆ ಇಂದಿನದಲ್ಲ. ಹೊಗೆಸೊಪ್ಪು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಮೂಲಕ ನಮ್ಮ ಕರಾವಳಿಗೆ ಬಂದು ಆದಿಲ್‌ಶಾಹಿಗಳ ಬಿಜಾಪುರಕ್ಕೆ ತಲುಪಿತು. 1604ರ ಸುಮಾರಿನಲ್ಲಿ ಅಕ್ಬರನ ದೂತನಾಗಿ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗ್ ಎಂಬಾತ ಅದನ್ನು ಮೊದಲ ಬಾರಿಗೆ ಅಲ್ಲಿ ಕಂಡು, ಒಂದಿಷ್ಟನ್ನು ರತ್ನಖಚಿತ ಕೊಳವೆಯೊಂದಿಗೆ ಅರಸನಿಗೆ ಒಯ್ದ. ಅಕ್ಬರ್ ಎರಡು ದಮ್ಮು ಎಳೆದದ್ದೇ ತಡ, ಆಸ್ಥಾನದ ವೈದ್ಯ ಹಕೀಂ ಅಲಿ ತಡೆದ. ಇದು ಪರೀಕ್ಷೆಯಾಗದ ಔಷಧ, ನಮ್ಮ ಗ್ರಂಥಗಳಲ್ಲಿ ಇದರ ಹೆಸರೇ ಇಲ್ಲ ಎಂಬುದು ಅವನ ವಾದ. ಲೋಕದಲ್ಲಿ ಎಲ್ಲ ಔಷಧಗಳೂ ಒಂದು ಕಾಲಕ್ಕೆ ಹೊಸವೇ ಅಲ್ಲವೆ ಎಂದು ಅಸದ್ ಬೇಗ್ ಮರುನುಡಿದ. ಅರಸ ದೂತನ ಮಾತನ್ನು ಮೆಚ್ಚಿದನಾದರೂ ಮತ್ತೆ ಸೇದಲಿಲ್ಲ. ಆದರೆ ಆಸ್ಥಾನದ ಶ್ರೀಮಂತರು ಸುಮ್ಮನಿರಲಿಲ್ಲ, ಅಭ್ಯಾಸ ಹಬ್ಬಿತು. 1617ರಲ್ಲಿ ಮಗ ಜಹಾಂಗೀರ್ ಹೊಗೆಸೊಪ್ಪನ್ನು ನಿಷೇಧಿಸಬೇಕಾಯಿತು. ಆ ಆಜ್ಞೆ ಎಷ್ಟು ನಡೆಯಿತೆಂಬುದು ನಮ್ಮ ಅಂಗಡಿಗಳನ್ನು ನೋಡಿದರೆ ತಿಳಿಯುತ್ತದೆ.

ಗ್ರಂಥದಲ್ಲಿಲ್ಲ ಎಂದ ಮಾತ್ರಕ್ಕೆ ಹೊಸದನ್ನು ಬಿಡಬಾರದು ಎಂಬುದು ಸರಿಯಾದ ಮಾತು. ಇಂಡಾಫ್ ರಾಗಿಯೂ ಯಾವ ಹಳೆಯ ಗ್ರಂಥದಲ್ಲೂ ಇರಲಿಲ್ಲ. ಆದರೆ ಒಂದು ತಳಿಯನ್ನು ಬಿಡುಗಡೆ ಮಾಡುವ ಮೊದಲು ಪಕ್ಕದ ತಾಕಿನಲ್ಲಿ ಹಳೆಯ ತಳಿ ಹಾಕಿ, ಎರಡರ ಇಳುವರಿಯನ್ನೂ ತೂಗಿ ನೋಡುತ್ತಾರೆ. ಹೊಗೆಸೊಪ್ಪಿಗೆ ಅಂತಹ ಪರೀಕ್ಷೆ ಸರಿಯಾಗಿ ಆಗಲು ಮೂರೂವರೆ ಶತಮಾನ ಬೇಕಾಯಿತು.

ಆಯುರ್ವೇದದಲ್ಲಿ ಧೂಮಪಾನ ಹೇಳಿದೆಯಲ್ಲ ಎಂದು ಕೆಲವರು ಕೇಳುತ್ತಾರೆ. ಹೇಳಿರುವುದು ನಿಜ. ಚರಕ ಸಂಹಿತೆಯ ಸೂತ್ರಸ್ಥಾನದಲ್ಲಿ ಗಿಡಮೂಲಿಕೆಗಳನ್ನು ಅರೆದು ಬತ್ತಿ ಮಾಡಿ ಹೊಗೆ ಎಳೆಯುವ ಕ್ರಮವಿದೆ. ಎಷ್ಟು ಸಲ, ಯಾವ ಹೊತ್ತು, ಯಾರು ಎಳೆಯಬಾರದು ಎಂಬ ಕಟ್ಟಳೆಯೂ ಇದೆ. ಆದರೆ ಚರಕನ ಕಾಲದಲ್ಲಿ ಹೊಗೆಸೊಪ್ಪು ಈ ನಾಡಿಗೆ ಬಂದೇ ಇರಲಿಲ್ಲ. ಹೆಸರೊಂದೇ ಎಂದು ಬೀಡಿಗೆ ಚರಕನ ಸಾಕ್ಷಿ ಹಾಕಲಾಗದು.

ತಾಕು ಹಾಕಿ ನೋಡಿದ್ದು

1951ರಲ್ಲಿ ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬ ವಿಜ್ಞಾನಿಗಳು ತಮ್ಮ ದೇಶದ ವೈದ್ಯರಿಗೇ ಪತ್ರ ಬರೆದು, ನೀವು ಸೇದುತ್ತೀರಾ ಎಂದು ಕೇಳಿದರು. ಉತ್ತರಿಸಿದ ಸುಮಾರು 34 ಸಾವಿರ ಪುರುಷ ವೈದ್ಯರನ್ನು 50 ವರ್ಷ ಗಮನಿಸಲಾಯಿತು. ಎಲ್ಲರೂ ಒಂದೇ ಕಸುಬಿನವರು. ಆದುದರಿಂದ ಬಡತನ, ಊಟ, ಕೆಲಸಗಳ ವ್ಯತ್ಯಾಸ ಹೆಚ್ಚಿರಲಿಲ್ಲ. 2004ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸಿಗರೇಟು ಬಿಡದೆ ಸೇದಿದವರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲೇ ಸತ್ತರು.

ನಮ್ಮ ಬೀಡಿಗೆ ಬಿಳಿಯರ ಲೆಕ್ಕ ಏಕೆ ಎನ್ನಬೇಡಿ. ಭಾರತದ 11 ಲಕ್ಷ ಮನೆಗಳಲ್ಲಿ ನಡೆದ ಸಮೀಕ್ಷೆಯ ಫಲಿತಾಂಶ 2008ರಲ್ಲಿ ಬಂದಿದೆ. ಬೀಡಿ ಸೇದುವ ಗಂಡಸರು ಸುಮಾರು 6 ವರ್ಷ, ಹೆಂಗಸರು ಸುಮಾರು 8 ವರ್ಷ ಆಯುಸ್ಸು ಕಳೆದುಕೊಳ್ಳುತ್ತಾರೆ. ಸಿಗರೇಟು ಸೇದುವ ಗಂಡಸರಿಗೆ ಇಲ್ಲಿಯೂ ನಷ್ಟ ಸುಮಾರು 10 ವರ್ಷ. ನಮ್ಮಲ್ಲಿ ಕ್ಯಾನ್ಸರ್ ಒಂದೇ ಶತ್ರುವಲ್ಲ. 2003ರಲ್ಲಿ ಪ್ರಕಟವಾದ ತಮಿಳುನಾಡಿನ ಅಧ್ಯಯನದಲ್ಲಿ, ಸೇದುವ ಗಂಡಸರು ಕ್ಷಯದಿಂದ ಸಾಯುವ ಸಂಭವ ಸೇದದವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚೆಂದು ಕಂಡುಬಂದಿತು.

ಹಾಗಾದರೆ ತೊಂಬತ್ತು ವರ್ಷ ಬದುಕಿದ ಅಜ್ಜ? ಬೆಂಕಿರೋಗ ಬಿದ್ದ ರಾಗಿ ಹೊಲದಲ್ಲಿಯೂ ಒಂದೆರಡು ತೆನೆ ತುಂಬಿ ನಿಂತಿರುತ್ತವೆ. ಅವನ್ನು ತೋರಿಸಿ ರೋಗದಿಂದ ಬೆಳೆಗೆ ಒಳ್ಳೆಯದಾಯಿತೆಂದು ಯಾವ ರೈತನೂ ಹೇಳುವುದಿಲ್ಲ.

ಅನುಭವದ ಹಿಂದೆ ಇರುವುದೇನು?

ನಿಕೋಟಿನ್ ಶ್ವಾಸಕೋಶದಿಂದ ಮಿದುಳಿಗೆ ಹೋಗಲು 20 ಸೆಕೆಂಡು ಸಾಕು. ಅದು ಕರುಳಿನ ಚಲನೆಯನ್ನು ಚುರುಕುಗೊಳಿಸುತ್ತದೆ, ಹಸಿವನ್ನು ಕುಗ್ಗಿಸುತ್ತದೆ. ಬೆಳಗಿನ ಬೀಡಿಯ ಮಾತು ನಿಜವಾಗುವುದು ಹೀಗೆ. ಆದರೆ ಒಂದು ಚೊಂಬು ಬಿಸಿನೀರೂ ಸೊಪ್ಪು ತರಕಾರಿಯೂ ಮಾಡುವ ಕೆಲಸವನ್ನು ವಿಷಕ್ಕೆ ವಹಿಸಿದಂತಾಯಿತು. ಕರುಳು ಕ್ರಮೇಣ ಅದಕ್ಕಾಗಿಯೇ ಕಾಯುತ್ತದೆ.

ಕಫದ ಮಾತು ತಿರುಗುಮುರುಗು. ಶ್ವಾಸನಾಳದ ಒಳಗೋಡೆಯಲ್ಲಿ ಸಣ್ಣ ರೋಮಗಳಿದ್ದು, ಅವು ಧೂಳು, ಕಫಗಳನ್ನು ಮೇಲಕ್ಕೆ ಗುಡಿಸುತ್ತವೆ. ಹೊಗೆ ಅವನ್ನು ಮರಗಟ್ಟಿಸುತ್ತದೆ. ರಾತ್ರಿ ಸೇದದೆ ಮಲಗಿದಾಗ ಅವು ಸ್ವಲ್ಪ ಚೇತರಿಸಿಕೊಂಡು ಬೆಳಿಗ್ಗೆ ಕೆಲಸಕ್ಕೆ ತೊಡಗುತ್ತವೆ, ಕೆಮ್ಮು ಬರುತ್ತದೆ. ಸೇದಿದವನು ಬೀಡಿಯೇ ಕಫ ಕಿತ್ತಿತೆಂದು ತಿಳಿಯುತ್ತಾನೆ. ಕಫ ಕಟ್ಟಿಸಿದ್ದೂ ಅದೇ ಬೀಡಿ.

ಚಳಿಯದು ಇನ್ನೂ ವಿಚಿತ್ರ. ನಿಕೋಟಿನ್ ಚರ್ಮದ ರಕ್ತನಾಳಗಳನ್ನು ಬಿಗಿಸುವುದರಿಂದ ಬೆರಳುಗಳು ತಣ್ಣಗಾಗುತ್ತವೆಯೇ ಹೊರತು ಬೆಚ್ಚಗಾಗುವುದಿಲ್ಲ. ಮನಸ್ಸು ಹಗುರವಾಗುವುದೂ ಹಿಂದಿನ ಬೀಡಿಯ ನಿಕೋಟಿನ್ ಇಳಿದು ಹುಟ್ಟಿದ ಚಡಪಡಿಕೆ ಅಡಗುವುದರಿಂದಲೇ. ಹುಕ್ಕದ ನೀರು ಹೊಗೆಯನ್ನು ತಂಪು ಮಾಡುತ್ತದೆ, ವಿಷವನ್ನು ತೊಳೆಯುವುದಿಲ್ಲ. ಒಂದು ಗಂಟೆ ಕುಳಿತು ಸೇದಿದರೆ ಒಂದು ಸಿಗರೇಟಿಗಿಂತ ನೂರು ಪಟ್ಟು ಹೊಗೆ ಒಳಗೆ ಹೋಗಬಹುದು. ನಮ್ಮ ಸರ್ಕಾರ 2024ರ ಫೆಬ್ರವರಿಯಲ್ಲಿ ಹುಕ್ಕವನ್ನು ನಿಷೇಧಿಸಿತು.

ಓದುಬಲ್ಲ ಮಗ ಇನ್ನೊಂದು ವಾದ ಹೂಡಬಹುದು: ಸೇದುವವರಲ್ಲಿ ಪಾರ್ಕಿನ್ಸನ್ ಎಂಬ ನಡುಕದ ಕಾಯಿಲೆ ಕಡಿಮೆ. ಇದು ಹಲವು ಅಧ್ಯಯನಗಳಲ್ಲಿ ಕಂಡಿರುವುದು ನಿಜ, ಮುಚ್ಚಿಡಬೇಕಾಗಿಲ್ಲ. ಆದರೆ ಆ ರೋಗಿಗಳಿಗೆ ನಿಕೋಟಿನ್ ಪಟ್ಟಿ ಹಚ್ಚಿ ನೋಡಿದ ಪರೀಕ್ಷೆಯ ಫಲಿತಾಂಶ 2023ರಲ್ಲಿ ಬಂದಿತು. ರೋಗದ ವೇಗ ತಗ್ಗಲಿಲ್ಲ. ಅಪರೂಪದ ಕಾಯಿಲೆಯೊಂದರ ಭಯಕ್ಕೆ ಹೃದಯಾಘಾತ, ಕ್ಷಯ, ಗಂಟಲ ಕ್ಯಾನ್ಸರುಗಳನ್ನು ಕರೆಯುವುದು ಎಲಿ ಕಾಟಕ್ಕೆ ಕಣಜ ಸುಟ್ಟಂತೆ.

ಹುಳುಮನೆಯ ನಿಯಮ

ಕೆಂಗೇರಿಯಿಂದ ಬಿಡದಿ, ರಾಮನಗರದವರೆಗೆ ರೇಷ್ಮೆ ಸಾಕಿದವರಿಗೆ ಹೊಗೆಸೊಪ್ಪಿನ ಗುಣ ಹೊಸದಾಗಿ ಹೇಳಬೇಕಾಗಿಲ್ಲ. ಹೊಗೆಸೊಪ್ಪಿನ ಹೊಲದ ಮಗ್ಗುಲಿನ ಹಿಪ್ಪುನೇರಳೆ ಎಲೆ ತಿಂದ ಹುಳು ತಲೆ ಎತ್ತಿ, ರಸ ಕಕ್ಕಿ ಸಾಯುತ್ತದೆ. ಆದುದರಿಂದಲೇ ಹುಳುಮನೆಯಲ್ಲಿ ಬೀಡಿ ಸೇದಬಾರದು, ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಎಲೆ ಹಾಕಬಾರದು ಎಂಬ ನಿಯಮ. ಹೊಗೆಸೊಪ್ಪು ಕುದಿಸಿದ ನೀರಿಗೆ ಸಾಬೂನು ಬೆರೆಸಿ ಸಸ್ಯಹೇನಿಗೆ ಸಿಂಪಡಿಸುತ್ತಿದ್ದುದೂ ಹಿರಿಯರಿಗೆ ನೆನಪಿರಬಹುದು. ಹುಣಸೂರು, ಪಿರಿಯಾಪಟ್ಟಣದ ಬೆಳೆಗಾರರು ಹಸಿ ಎಲೆ ಒದ್ದೆಯಿರುವಾಗ ಬಿಡಿಸಿದರೆ ತಲೆ ಸುತ್ತಿ ವಾಂತಿಯಾಗುವುದೂ ನಿಕೋಟಿನ್ ಚರ್ಮದ ಮೂಲಕ ಇಳಿಯುವುದರಿಂದಲೇ. ಅಂತಹವರು ಕೈಗವಸು ತೊಟ್ಟು, ಎಲೆ ಒಣಗಿದ ಮೇಲೆ ಬಿಡಿಸಬೇಕು.

ಹುಳುಮನೆಗೆ ಈ ನಿಯಮವಿರುವಾಗ, ಮಗು ಮಲಗಿರುವ ಕೋಣೆಗೆ ಏಕಿಲ್ಲ? ಮನೆಯೊಳಗಿನ ಹೊಗೆಯಿಂದ ಮಕ್ಕಳಿಗೆ ಉಬ್ಬಸ, ಕಿವಿ ಸೋರುವಿಕೆ, ಶ್ವಾಸಕೋಶದ ಸೋಂಕು ಹೆಚ್ಚುತ್ತವೆ. ಸೇದುವುದನ್ನು ಇಂದೇ ಬಿಡಲಾಗದವರೂ ಇಂದೇ ಅಂಗಳಕ್ಕೆ ಹೋಗಬಹುದು.

ಬಿಡುವವರಿಗೆ

ಬ್ರಿಟನ್ನಿನ ವೈದ್ಯರ ಲೆಕ್ಕದಲ್ಲಿ 60ನೇ ವಯಸ್ಸಿಗೆ ಬಿಟ್ಟವರಿಗೆ ಸುಮಾರು 3 ವರ್ಷ, 50ಕ್ಕೆ ಬಿಟ್ಟವರಿಗೆ 6, 40ಕ್ಕೆ 9, 30ಕ್ಕೆ 10 ವರ್ಷ ಆಯುಸ್ಸು ಮರಳಿ ದೊರೆಯಿತು. ವಯಸ್ಸಾಯಿತು, ಇನ್ನೇನು ಎನ್ನುವ ಮಾತು ನಿಲ್ಲುವುದಿಲ್ಲ.

ಮೊದಲ ಮೂರು ನಾಲ್ಕು ದಿನ ಕಷ್ಟ. ಸಿಡುಕು, ತಲೆನೋವು, ನಿದ್ದೆಗೇಡು ಇರುತ್ತದೆ. ಸೇದಬೇಕೆಂಬ ತವಕ ಪ್ರತಿಸಲವೂ ಕೆಲವೇ ನಿಮಿಷ ನಿಲ್ಲುತ್ತದೆ. ಆಗ ನೀರು ಕುಡಿಯಿರಿ, ಕೈಗೆ ಕೆಲಸ ಕೊಡಿ. ಸೊಪ್ಪು ಜಗಿಯುವುದನ್ನು ಮಾತ್ರ ಬದಲಿಗೆ ಹಿಡಿಯಬೇಡಿ. ಕೆಮ್ಮು ಕೆಲವು ವಾರ ಹೆಚ್ಚಾದರೆ ಹೆದರಬೇಕಾಗಿಲ್ಲ, ರೋಮಗಳು ಮತ್ತೆ ಗುಡಿಸತೊಡಗಿವೆ; ಎರಡು ವಾರ ಮೀರಿಯೂ ನಿಲ್ಲದಿದ್ದರೆ ಅಥವಾ ರಕ್ತ ಕಂಡರೆ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಮಲಬದ್ಧತೆಯೂ ಕೆಲವು ವಾರ ಕಾಡಬಹುದು. ರಾಗಿ, ಸೊಪ್ಪು, ಹುರುಳಿ, ಬಾಳೆಹಣ್ಣು ಹೆಚ್ಚಿಸಿ, ಎದ್ದ ಕೂಡಲೆ ಬಿಸಿನೀರು ಕುಡಿದು ನಿತ್ಯ ಒಂದೇ ಹೊತ್ತಿಗೆ ಹೋಗಿ ಕುಳಿತರೆ ಕರುಳು ತನ್ನ ಅಭ್ಯಾಸಕ್ಕೆ ಮರಳುತ್ತದೆ. ಒಬ್ಬರೇ ಬಿಡಲಾಗದವರು 1800-11-2356ಕ್ಕೆ ಫೋನು ಮಾಡಬಹುದು. ಈ ಸಂಖ್ಯೆ 2018ರಿಂದ ಸಿಗರೇಟು, ಬೀಡಿ ಕಟ್ಟುಗಳ ಮೇಲೆಯೇ ಅಚ್ಚಾಗಿದೆ. ಕರೆಗೆ ಹಣವಿಲ್ಲ, ಕನ್ನಡದಲ್ಲಿ ಮಾತನಾಡುತ್ತಾರೆ.