ಬರಿಗೈಯ ಮಲ್ಲರು, ಗವಸಿನ ಮಲ್ಲರು

ಬೆಂಗಳೂರು ದಂಡಿನ ಅಂಚಿಗೆ ಸೇರಿದ ಲಿಂಗರಾಜಪುರದಲ್ಲಿ ಇಂದು ಬಾಕ್ಸಿಂಗ್ ಕಲಿಯುವ ತರುಣನೊಬ್ಬನು ನೂರು ವರ್ಷಗಳಾಚೆಯ ಮುಷ್ಟಿಯುದ್ಧದ ಚಲನಚಿತ್ರವನ್ನು ಮೊಬೈಲಿನಲ್ಲಿ ನೋಡಿ, ಆ ಕಾಲದ ಯೋಧರು ಗೊಂಬೆಗಳಂತೆ ಕುಣಿಯುತ್ತಾರೆ, ಅವರಲ್ಲಿ ಕೌಶಲವೇ ಇರಲಿಲ್ಲ ಎಂದು ತೀರ್ಮಾನಿಸಿದರೆ, ಆ ತೀರ್ಮಾನವು ಸಹಜವಾದುದಾದರೂ ನ್ಯಾಯವಾದುದಲ್ಲ. ಅಂದಿನ ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದರು. ಆ ಸುರುಳಿಯನ್ನು ಇಂದಿನ ವೇಗದಲ್ಲಿ ಓಡಿಸಿದಾಗ ಎಂತಹ ನಿಪುಣನ ಹೆಜ್ಜೆಯೂ ತಡವರಿಸಿದಂತೆ ತೋರುತ್ತದೆ.

1809ರಲ್ಲಿ ಹಲಸೂರಿನ ಬಳಿ ಬೀಡುಬಿಟ್ಟ ದಂಡಿನ ಪಲ್ಟಣಗಳೊಡನೆ ಈ ಊರಿಗೆ ಬಂದ ಆಟಗಳಲ್ಲಿ ಮುಷ್ಟಿಯುದ್ಧವೂ ಒಂದು. ಕಳೆದ ಶತಮಾನದ ಪೂರ್ವಾರ್ಧದಲ್ಲಿ ಗನ್‌ಬೋಟ್ ಜಾಕ್ ಎಂಬ ಅಡ್ಡಹೆಸರಿನ ಆಫ್ರಿಕನ್ ಅಮೆರಿಕನ್ ಯೋಧನು ಇಲ್ಲಿ ಮನೆಮಾತಾಗಿದ್ದನು. ಆದರೆ ಈ ವಿದ್ಯೆಯ ಮೂಲಸ್ವರೂಪವನ್ನು ಅರಿಯಬೇಕಾದರೆ ಗವಸುಗಳಿಲ್ಲದ ಕಾಲಕ್ಕೆ ಹೋಗಬೇಕು.

ಬರಿಗೈಯಿಂದ ಹೋರಾಡುವವನಿಗೆ ಮೊದಲ ಶತ್ರು ಎದುರಾಳಿಯ ತಲೆಬುರುಡೆಯೇ. ಗಟ್ಟಿಯಾದ ಹಣೆಗೆ ಪೂರ್ಣಬಲದಿಂದ ಗುದ್ದಿದರೆ ಕಿರುಬೆರಳಿನ ಬುಡದ ಎಲುಬು ಮುರಿಯುವುದುಂಟು. ಮುರಿದ ಕೈಯಿಂದ ಮುಂದಿನ ಸುತ್ತುಗಳನ್ನು ಕಳೆಯುವುದೆಂತು? ಆದುದರಿಂದ ಅವನು ಮೈಗೆ ಹೊಡೆಯುವುದನ್ನೂ, ದೂರವನ್ನು ಕಾಯ್ದುಕೊಳ್ಳುವುದನ್ನೂ, ಸಂದರ್ಭ ದೊರೆತರೆ ಎದುರಾಳಿಯನ್ನು ಸೊಂಟದಿಂದ ಎತ್ತಿ ಕೆಡಹುವುದನ್ನೂ ಕಲಿತನು. 1889ರ ಜುಲೈ 8ರಂದು ಅಮೆರಿಕದ ಮಿಸಿಸಿಪಿಯಲ್ಲಿ ಜಾನ್ ಎಲ್. ಸಲಿವನ್ ಮತ್ತು ಜೇಕ್ ಕಿಲ್ರೇನ್ 75 ಸುತ್ತು ಕಾದಾಡಿದರೆಂದು ಓದಿದಾಗ ನಾವು ಬೆರಗಾಗುತ್ತೇವೆ. ಒಬ್ಬನು ನೆಲಕ್ಕೆ ಬಿದ್ದಾಗಲೇ ಸುತ್ತು ಮುಗಿಯುತ್ತಿದ್ದ ಆ ನಿಯಮದಲ್ಲಿ, ಬೀಳುವುದೂ ದಣಿವಾರಿಸಿಕೊಳ್ಳುವ ಒಂದು ಉಪಾಯವಾಗಿದ್ದಿತೆಂಬುದನ್ನು ಮಾತ್ರ ಮರೆಯುತ್ತೇವೆ. ಹಾಗೆಂದು ಅದು ಸುಲಭವಾಗಿರಲಿಲ್ಲ. ಸುಡುಬಿಸಿಲಿನಲ್ಲಿ ಎರಡು ಗಂಟೆಗಳಿಗೂ ಮೀರಿ ನಡೆದ ಹೋರಾಟವದು.

ಅದಕ್ಕೂ ನೂರು ವರ್ಷ ಹಿಂದಿನ ಡೇನಿಯಲ್ ಮೆಂಡೋಜಾನ ಕಥೆ ನನಗೆ ಇನ್ನೂ ಪ್ರಿಯವಾದುದು. ಐದಡಿ ಏಳಂಗುಲದ ಈ ಲಂಡನ್ನಿನ ಯೆಹೂದ್ಯನು ತನಗಿಂತ ಭಾರಿಯಾದ ಆಳುಗಳನ್ನು ಕಾಲಿನ ಚಲನೆಯಿಂದಲೂ ತಡೆಯುವ ಜಾಣ್ಮೆಯಿಂದಲೂ ಗೆದ್ದು, 1789ರಲ್ಲಿ ಈ ಕಲೆಯನ್ನು ಕುರಿತು ಗ್ರಂಥವನ್ನೇ ಬರೆದನು. 1795ರಲ್ಲಿ ಅವನನ್ನು ಸೋಲಿಸಿದ ಜಾನ್ ಜಾಕ್ಸನ್ ಒಂದು ಕೈಯಲ್ಲಿ ಅವನ ನೀಳಗೂದಲನ್ನು ಹಿಡಿದು ಮತ್ತೊಂದರಿಂದ ಗುದ್ದಿದನು. ನಿಯಮವು ಅದನ್ನು ತಡೆಯುತ್ತಿರಲಿಲ್ಲ.

1867ರಲ್ಲಿ ಪ್ರಕಟವಾದ ಕ್ವೀನ್ಸ್‌ಬರಿ ನಿಯಮಗಳು ಗವಸನ್ನೂ, ಮೂರು ನಿಮಿಷಗಳ ಸುತ್ತನ್ನೂ, ಹತ್ತು ಸೆಕೆಂಡುಗಳ ಎಣಿಕೆಯನ್ನೂ ತಂದು, ಎತ್ತಿ ಕೆಡಹುವುದನ್ನು ನಿಷೇಧಿಸಿದವು. ಗವಸು ಕೈಯನ್ನು ಕಾಪಾಡಿತು. ಕೈ ಕ್ಷೇಮವಾದೊಡನೆ ತಲೆಯ ಮೇಲಿನ ಪೆಟ್ಟುಗಳು ನಿಶ್ಚಿಂತೆಯಿಂದ ಹೆಚ್ಚಿದವು. 1892ರಲ್ಲಿ ಜೇಮ್ಸ್ ಕಾರ್ಬೆಟ್ಟನು ಅದೇ ಸಲಿವನ್ನನನ್ನು 21ನೆಯ ಸುತ್ತಿನಲ್ಲಿ ಕೆಡವಿದಾಗ ಹೊಸ ಶೈಲಿಗೆ ಜಯವಾಯಿತು. ಎಡಗೈ, ಬಲಗೈ, ಮತ್ತೆ ಎಡಗೈ ಎಂದು ಪೆಟ್ಟುಗಳನ್ನು ಪೋಣಿಸುವ ಇಂದಿನ ವೇಗಕ್ಕೆ ಹಳಬರು ಸಾಟಿಯಲ್ಲವೆಂಬುದನ್ನು ನಾನು ಒಪ್ಪುತ್ತೇನೆ. ಕೊಡಗಿನ ಸಿ.ಸಿ. ಮಾಚಯ್ಯನವರು 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ ಕಣಕ್ಕಿಳಿದಾಗ ಒಂದು ಪಂದ್ಯಕ್ಕಿದ್ದ ಅವಧಿ ಒಂಬತ್ತೇ ನಿಮಿಷ. ಅಷ್ಟರಲ್ಲಿ ತೀರ್ಪುಗಾರರ ಮನವೊಲಿಸಬೇಕಾದವನು ವೇಗವನ್ನಲ್ಲದೆ ಮತ್ತೇನನ್ನು ಸಾಧಿಸಬೇಕು? ಆದರೆ ಒಂದೊಂದು ಪೆಟ್ಟನ್ನೂ ತೂಗಿ ಖರ್ಚುಮಾಡುವ ಮಿತವ್ಯಯದಲ್ಲಿಯೂ, ಅಂತರವನ್ನು ಅಳೆಯುವ ಕಣ್ಣಿನಲ್ಲಿಯೂ ಹಳಬರೇ ಮೇಲೆಂದು ನನ್ನ ದೃಢವಾದ ಅಭಿಪ್ರಾಯ.

ಈ ಮಾತಿಗೆ ಸಾಕ್ಷಿಯನ್ನು ಇಂಗ್ಲೆಂಡಿನಲ್ಲಿಯೇ ಅರಸಬೇಕಾಗಿಲ್ಲ. ವಿಜಯದಶಮಿಯಂದು ಮೈಸೂರಿನ ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ, ಜುಟ್ಟೊಂದನ್ನುಳಿದು ತಲೆ ಬೋಳಿಸಿಕೊಂಡು, ಬೆರಳುಗಳಿಗೆ ಮೊನೆಯುಳ್ಳ ಆಯುಧವನ್ನು ತೊಟ್ಟ ಜಟ್ಟಿಗಳು ಎದುರಾಗುತ್ತಾರೆ. ತಲೆಯಿಂದ ಮೊದಲ ರಕ್ತಬಿಂದು ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಒಂದೇ ಪೆಟ್ಟಿನ ಲೆಕ್ಕವಿರುವಲ್ಲಿ ಯಾವನೂ ಕೈಯನ್ನು ವ್ಯರ್ಥವಾಗಿ ಬೀಸಲಾರನು. ಮೈಸೂರು, ಚನ್ನಪಟ್ಟಣ, ಚಾಮರಾಜನಗರಗಳ ಜಟ್ಟಿಗಳೊಡನೆ ಬೆಂಗಳೂರಿನ ಜಟ್ಟಿಗಳೂ ಆ ಅಖಾಡಕ್ಕಿಳಿಯುವರು. ಲಿಂಗರಾಜಪುರದ ತರುಣನು ಒಂದು ದಸರೆಯಲ್ಲಾದರೂ ಅಲ್ಲಿ ನಿಂತು, ಅವರ ಕೈಗಳನ್ನಲ್ಲ, ಪಾದಗಳನ್ನು ನೋಡಬೇಕೆಂದು ನನ್ನ ಆಸೆ.