ಬೆಟ್ಟದ ಬುಡದ ಟೀ ಬಾಯ್ಲರ್

ಟೀ ಬಾಯ್ಲರ್ ಎಂದರೆ ಕೊಯಮತ್ತೂರು ಸೀಮೆಯ ಟೀ ಅಂಗಡಿಗಳಲ್ಲಿ ನೀರು ಕಾಯಿಸಲು ಇಡುವ ತಾಮ್ರದ ಅಥವಾ ಹಿತ್ತಾಳೆಯ ಎತ್ತರದ ಪಾತ್ರೆ. ನಡುವೆ ಒಂದು ಕೊಳವೆ. ಅದರೊಳಗೆ ಇದ್ದಿಲಿನ ಕೆಂಡ, ಸುತ್ತಲೂ ನೀರು. ಬೂದಿ ಬುಡದ ಜಾಲರಿಯಿಂದ ಉದುರುತ್ತದೆ, ಕುದಿನೀರು ಬದಿಯ ನಲ್ಲಿಯಿಂದ ಬರುತ್ತದೆ. ಬೆಂಕಿ ನೀರಿನ ನಡುವೆಯೇ ಇರುವುದರಿಂದ ಶಾಖ ಹೆಚ್ಚು ಪೋಲಾಗುವುದಿಲ್ಲ. ರಷ್ಯದ ಸಮೋವಾರ್ ಕೂಡ ಹೀಗೆಯೇ ನಡೆಯುತ್ತದೆ. ಬಟ್ಟೆಯ ಸೋಸುಚೀಲಕ್ಕೆ ಪುಡಿ ಹಾಕಿ, ಕುದಿನೀರು ಬಿಟ್ಟು ಡಿಕಾಕ್ಷನ್ ಇಳಿಸುತ್ತಾರೆ. ಅದಕ್ಕೆ ಹಾಲು, ಸಕ್ಕರೆ ಬೆರೆಸಿ, ಎತ್ತರದಿಂದ ಸುರಿದು ನೊರೆ ಎಬ್ಬಿಸುತ್ತಾರೆ.

ಇದೇ ಸೀಮೆಯ ಕಾರಮಡೈ ಎಂಬ ಊರಿಗೆ ನೀಲಗಿರಿ ಬೆಟ್ಟ ಕಣ್ಣಳತೆಯ ದೂರ. ಆದರೂ ಟೀ ಇಲ್ಲಿಯ ಮನೆಗಳಿಗೆ ಬಂದದ್ದು ತಡವಾಗಿ. ನೀಲಗಿರಿಯ ಕೇತಿಯಲ್ಲಿ ಪ್ರಯೋಗಕ್ಕೆಂದು ಟೀ ಗಿಡ ನೆಟ್ಟದ್ದು 1830ರ ದಶಕದಲ್ಲಿ. ಕಾರಮಡೈ ಮೇಲೆ ಹಾಯುವ ಮೇಟ್ಟುಪಾಳ್ಯದ ರೈಲುಮಾರ್ಗ 1873ರಲ್ಲಿ, ಅಲ್ಲಿಂದ ಕೂನೂರಿನ ಬೆಟ್ಟದ ರೈಲು 1899ರಲ್ಲಿ ಆರಂಭವಾದವು. ಆದರೆ ತೋಟದವರ ಕಣ್ಣು ಬಹುಕಾಲ ವಿದೇಶಿ ಮಾರುಕಟ್ಟೆಯ ಮೇಲಿತ್ತು. ಬುಡದ ಊರಿನವರು ಗಿರಾಕಿಗಳೆಂದು ಯಾರೂ ಎಣಿಸಿರಲಿಲ್ಲ.

1903ರಲ್ಲಿ ಬಂದ ಟೀ ಸೆಸ್, ರಫ್ತಾಗುವ ಟೀ ಮೇಲೆ ಹಾಕಿದ ತೆರಿಗೆ. ಆ ಹಣದಿಂದಲೇ ಟೀ ಪ್ರಚಾರ ನಡೆಯಿತು; 1930ರ ದಶಕದಲ್ಲಿ ಪ್ರಚಾರಕರು ಊರೂರಿಗೆ ಹೋಗಿ ಟೀ ಮಾಡಿ ಕುಡಿಸಿದರು. ಅಮೆರಿಕದ ವಸಾಹತುಗಳ ಕಥೆ ಇದಕ್ಕೆ ತಿರುಗುಮುರುಗು. ಅಲ್ಲಿ ಮನೆಮನೆಯ ಒಲೆಯ ಮೇಲೆ ಆಗಲೇ ಟೀ ಕೆಟಲ್ ತೂಗುತ್ತಿತ್ತು. ಟೀ ತೆರಿಗೆಗೆ ಸಿಟ್ಟಾದ ಜನ 1773ರ ಡಿಸೆಂಬರಿನಲ್ಲಿ ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಟೀ ನೀರಿಗೆಸೆದರು; ಕೆಲವು ಮನೆಗಳು ಸೊಪ್ಪಿನ ಕಷಾಯಕ್ಕಿಳಿದವು. ಒಂದು ತೆರಿಗೆ ಟೀ ಬಿಡಿಸಿತು, ಇನ್ನೊಂದು ಹಿಡಿಸಿತು.

ಪ್ರಚಾರಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಅಗ್ಗದ ಪುಡಿ ಎನ್ನಬೇಕು. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಹುಟ್ಟಿದ ಸಿಟಿಸಿ ಯಂತ್ರ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡುತ್ತದೆ. ಆ ಪುಡಿ ಬೇಗ ಬಣ್ಣ ಬಿಡುತ್ತದೆ, ಸ್ವಲ್ಪವೇ ಸಾಕು. ಹತ್ತಿರದ ಸಿರುಮುಗೈಯ ಕನ್ನಡ ಮಾತನಾಡುವ ದೇವಾಂಗ ನೇಕಾರರ ಮನೆಗಳಲ್ಲಾಗಲಿ, ಕಾರಮಡೈಯ ಮನೆಗಳಲ್ಲಾಗಲಿ ಟೀಗೆ ಕೆಟಲ್ ಬೇಕಿಲ್ಲ. ಒಂದೇ ಪಾತ್ರೆಯಲ್ಲಿ ನೀರು, ಹಾಲು, ಪುಡಿ, ಸಕ್ಕರೆ ಕುದಿಸಿ ಸೋಸಿದರೆ ಆಯಿತು. ಕೆಟಲ್ ಉಳಿದಿರುವುದು ಅಂಗಡಿಯಿಂದ ಟೀ ಹೊತ್ತು ತರುವ ಹುಡುಗರ ಕೈಯಲ್ಲಿ. ಬಾಯ್ಲರ್‌ಗಳಲ್ಲೂ ಈಗ ಹಲವು ಕಡೆ ಇದ್ದಿಲಿನ ಬದಲು ಗ್ಯಾಸ್ ಉರಿಯುತ್ತಿದೆ.